ಅಜ್ಜಿಯ ಮೊಣಕಾಲು ಮತ್ತು ನಮ್ಮ ದಿಂಬು

2025ರ ಜೂನ್ ಮೊದಲ ವಾರ ಅಜ್ಜಿ ದುಬೈಗೆ ಬಂದಿಳಿದರು. ಹೊರಡುವಾಗ ಮಂಗಳೂರು ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲಲ್ಲಿ ಯಂತ್ರ 'ಬೀಪ್' ಎಂದಿತಂತೆ. ಅಜ್ಜಿ ಸ್ವಲ್ಪವೂ ಗಾಬರಿಯಾಗದೆ ಅಲ್ಲಿದ್ದ ಹುಡುಗಿಗೆ ತಮ್ಮ ಎಡಗಾಲು ತೋರಿಸಿ, "ಒಳಗೆ ಕಬ್ಬಿಣ ಉಂಟು ಮಾರಾಯ್ತಿ" ಎಂದರಂತೆ. ಮನೆಗೆ ಬಂದವರು ಮೊದಲು ಹೇಳಿದ್ದೇ ಈ ಕತೆ. ನಮ್ಮ ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು.

ನಮಗೆ ಅವರು ಅಮ್ಮ. ಆದರೆ ಮಕ್ಕಳು ಹುಟ್ಟಿದ ಮೇಲೆ ಮನೆಯಲ್ಲಿ ಎಲ್ಲರ ಬಾಯಲ್ಲೂ 'ಅಜ್ಜಿ'ಯೇ ಆಗಿಬಿಟ್ಟರು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಹಳೆಯ ಮನೆ. ತೋಟದಿಂದ ಅಂಗಳಕ್ಕೆ ಹನ್ನೊಂದು ಕೆಂಪುಕಲ್ಲಿನ ಮೆಟ್ಟಿಲು. ಐವತ್ತು ವರ್ಷ ಅಜ್ಜಿ ಆ ಮೆಟ್ಟಿಲು ಹತ್ತಿ ಇಳಿದಿದ್ದಾರೆ, ಅಡಿಕೆ ಹೆಕ್ಕಿದ್ದಾರೆ, ಮೆಟ್ಟುಕತ್ತಿಯ ಮೇಲೆ ಕುಳಿತು ತರಕಾರಿ ಹೆಚ್ಚಿದ್ದಾರೆ. ಮೊಣಕಾಲು ನೋವು ಶುರುವಾಗಿ ಹತ್ತು ವರ್ಷವಾಗಿತ್ತು. ಎಣ್ಣೆ ಹಚ್ಚಿದ್ದಾಯಿತು, ಪಟ್ಟಿ ಕಟ್ಟಿದ್ದಾಯಿತು, ಕೊನೆಗೆ ಅಂಗಳದಿಂದ ತೋಟಕ್ಕೆ ಇಳಿಯುವುದೇ ನಿಂತಿತು. 71ನೆಯ ವಯಸ್ಸಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಡ ಮೊಣಕಾಲಿನ ಕೀಲು ಬದಲಾಯಿಸಿದರು. ಆರು ವಾರ ಅಕ್ಕನ ಮನೆಯಲ್ಲಿದ್ದು, ಡಾಕ್ಟರ್ ಪ್ರಯಾಣಕ್ಕೆ ಒಪ್ಪಿದ ಮೇಲೆ ನಮ್ಮಲ್ಲಿಗೆ ಬಂದರು.

ಅಜ್ಜಿ ಕಬ್ಬಿಣ ಎಂದರೂ ಅದು ಕಬ್ಬಿಣವಲ್ಲ. ಮಕ್ಕಳಿಗೆ ಗೊತ್ತಿರಲಿ ಎಂದು ಇಲ್ಲಿ ಸ್ವಲ್ಪ ಹೇಳುತ್ತೇವೆ. ಮೊಣಕಾಲಿನಲ್ಲಿ ತೊಡೆಯ ಮೂಳೆ ಮತ್ತು ಕೆಳಗಿನ ಕಾಲಿನ ಮೂಳೆ ಸೇರುವಲ್ಲಿ ನುಣುಪಾದ ಮೃದ್ವಸ್ಥಿಯ ಪದರವಿರುತ್ತದೆ. ಅದು ಸವೆದರೆ ಮೂಳೆಗೆ ಮೂಳೆ ಉಜ್ಜಿ ನೋವಾಗುತ್ತದೆ. ಆಪರೇಷನ್‌ನಲ್ಲಿ ಇಡೀ ಮೊಣಕಾಲನ್ನು ಕಿತ್ತು ಹಾಕುವುದಿಲ್ಲ. ಸವೆದ ತುದಿಗಳನ್ನಷ್ಟೇ ತೆಳುವಾಗಿ ಕತ್ತರಿಸಿ, ಮೇಲಿನ ಮೂಳೆಗೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ ಲೋಹದ ಟೊಪ್ಪಿ, ಕೆಳಗಿನದಕ್ಕೆ ಲೋಹದ ತಟ್ಟೆ, ನಡುವೆ ಗಟ್ಟಿಯಾದ ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ಒಂದು ಪದರ ಕೂರಿಸುತ್ತಾರೆ. ಹೆಚ್ಚಾಗಿ ಇವನ್ನು ಮೂಳೆಗೆ ಅಂಟಿಸುವುದು ಒಂದು ಬಗೆಯ ಸಿಮೆಂಟ್. ಕಟ್ಟಡದ್ದಲ್ಲ, ಮೂಳೆಗೆಂದೇ ಮಾಡಿದ್ದು. ಒಮ್ಮೆ ಕೂರಿಸಿದ್ದು ಎಷ್ಟು ವರ್ಷ ಬಾಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ, ನೂರರಲ್ಲಿ ಸುಮಾರು 82 ಮೊಣಕಾಲುಗಳು 25 ವರ್ಷ ಬಾಳುತ್ತವೆ.

ಆಪರೇಷನ್‌ಗೆ ಅಜ್ಜಿಯನ್ನು ಒಪ್ಪಿಸಿದ್ದು ನಾವಲ್ಲ, ಅಟಲ್ ಬಿಹಾರಿ ವಾಜಪೇಯಿ! ಪ್ರಧಾನಿಯಾಗಿದ್ದಾಗಲೇ ಅವರು ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ 2000ದ ಅಕ್ಟೋಬರಿನಲ್ಲಿ ಎಡ ಮೊಣಕಾಲು, 2001ರ ಜೂನ್‌ನಲ್ಲಿ ಬಲ ಮೊಣಕಾಲು ಬದಲಾಯಿಸಿಕೊಂಡರು. ಮಾಡಿದವರು ನ್ಯೂಯಾರ್ಕಿನಿಂದ ಬಂದ ಡಾ. ಚಿತ್ತರಂಜನ್ ರಾಣಾವತ್. ಇಂದು ಜಗತ್ತಿನೆಲ್ಲೆಡೆ ಹಾಕುವ ಕೃತಕ ಮೊಣಕಾಲುಗಳಿಗೆ ಮೂಲ ಮಾದರಿಯಾದ ಕೀಲನ್ನು 1974ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಡಾ. ಜಾನ್ ಇನ್ಸಾಲ್ ಅವರ ಜೊತೆ ರೂಪಿಸಿದವರಲ್ಲಿ ಇವರೂ ಒಬ್ಬರು. "ದೇಶ ಆಳುವವರಿಗೇ ಭಯವಾಗಲಿಲ್ಲ, ನನಗೇನು" ಎಂದು ಅಜ್ಜಿ ಹೇಳುತ್ತಿದ್ದರು. ಖರ್ಚಿನ ಮಾತಿಗೂ ಅವರ ಬಳಿ ಉತ್ತರವಿತ್ತು. 2017ರ ಆಗಸ್ಟ್‌ನಲ್ಲಿ ಭಾರತ ಸರಕಾರ ಮೊಣಕಾಲಿನ ಕೀಲುಗಳ ಬೆಲೆಗೆ ಮಿತಿ ಹಾಕಿ, ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲನ್ನು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಸಿದ್ದನ್ನು ಅವರು ಪೇಪರಿನಲ್ಲಿ ಓದಿ ಇಟ್ಟುಕೊಂಡಿದ್ದರು.

ಇಷ್ಟು ಧೈರ್ಯದ ಹೆಂಗಸನ್ನು ಆರೇ ವಾರದಲ್ಲಿ ಕುರ್ಚಿಗೆ ಕಟ್ಟಿಹಾಕಿದವರು ನಾವು. ಅದನ್ನೇ ಇಲ್ಲಿ ಹೇಳಬೇಕೆಂದಿರುವುದು.

ಅಜ್ಜಿ ಬರುವ ಮೊದಲೇ ಕರಾಮಾದ ನಮ್ಮ ಫ್ಲಾಟಿನಲ್ಲಿ ಅವರಿಗೆ ರಾಜೋಪಚಾರದ ತಯಾರಿ ನಡೆದಿತ್ತು. ಕಾಲು ಚಾಚಿ ಕೂರುವ ಸೋಫಾ, ಕೈಗೆ ಸಿಗುವಲ್ಲಿ ನೀರು, ಟೀವಿಯ ರಿಮೋಟ್, ಕರೆಗಂಟೆ. ಮೊಣಕಾಲಿನ ಕೆಳಗೆ ಇಡಲು ಮೆತ್ತಗಿನ ದಿಂಬು ಹುಡುಕಿಕೊಂಡು ಮೂರು ಅಂಗಡಿ ಸುತ್ತಿದ್ದೆವು. ಅವರು ಏಳಲು ಹೊರಟರೆ "ಬೇಡ, ಕೂತಿರಿ, ನಾವು ತರುತ್ತೇವೆ" ಎಂದು ನಾಲ್ಕು ದಿಕ್ಕಿನಿಂದ ಕೂಗು. ನಾವಿಬ್ಬರೂ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ, ಮಕ್ಕಳು ಶಾಲೆಗೆ. ಹೋಗುವ ಮುಂಚೆ "ಒಬ್ಬರೇ ಓಡಾಡಬೇಡಿ, ಬಿದ್ದರೆ ಕಷ್ಟ" ಎಂದು ಎಚ್ಚರಿಕೆ. ಹೊರಗೆ ನಡೆಯೋಣ ಎಂದರೆ ಜೂನ್ ತಿಂಗಳ ಬಿಸಿಲು, ಸಂಜೆಯೂ ಮೈಗೆ ಅಂಟುವ ಸೆಕೆ. ಮಂಗಳೂರಿನಲ್ಲಿ ದಿನಕ್ಕೆ ಮೂರು ಸಲ ಮಾಡುತ್ತಿದ್ದ ವ್ಯಾಯಾಮ ಒಂದು ಸಲಕ್ಕೆ ಇಳಿಯಿತು, ಆಮೇಲೆ ಅದೂ ಬಿಟ್ಟುಹೋಯಿತು. ಮಾಡಿದರೆ ನೋವು, ಮಾಡದಿದ್ದರೆ ಆರಾಮ. "ಆರಾಮವಾಗಿದ್ದಾರೆ" ಎಂದು ಅಕ್ಕನಿಗೆ ಫೋನಿನಲ್ಲಿ ಹೇಳುತ್ತಾ ನಾವು ಖುಷಿಯಾಗಿದ್ದೆವು.

ಜುಲೈ ಎರಡನೆಯ ವಾರ ಒಂದು ರಾತ್ರಿ ಅಜ್ಜಿ ಊಟದ ಮೇಜಿನಿಂದ ಏಳಲು ಹೋದರು, ಆಗಲಿಲ್ಲ. ಎರಡು ಸಲ ಪ್ರಯತ್ನಿಸಿ ಕುಳಿತುಬಿಟ್ಟರು. "ನನ್ನನ್ನು ಊರಿಗೆ ಕಳುಹಿಸಿಬಿಡಿ. ಇಲ್ಲಿ ಕೂತು ಕೂತು ಮರಗಟ್ಟಿ ಹೋದೆ" ಎಂದರು. ಊರಿನಲ್ಲಿ ಅಪ್ಪ ಇಲ್ಲ, ಮನೆಗೆ ಬೀಗ. ಮೇಜಿನಿಂದಲೇ ಏಳಲಾಗದವರು ಹನ್ನೊಂದು ಮೆಟ್ಟಿಲು ಹತ್ತುವುದು ಹೇಗೆ? ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಇನ್ನು ಮುಂದೆ ಅವರು ಇಲ್ಲೇ, ಈ ಸೋಫಾದ ಮೇಲೇ ಇರಬೇಕಾಗುತ್ತದೆಯೇ ಎಂಬ ಪ್ರಶ್ನೆ ಇಬ್ಬರ ಮನಸ್ಸಿನಲ್ಲೂ ಇತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಫಿಸಿಯೋಥೆರಪಿಸ್ಟ್ ಬಳಿಗೆ ಕರೆದುಕೊಂಡು ಹೋದೆವು. ಕೇರಳದ ಹುಡುಗಿ. ನಮ್ಮ ಅಜ್ಜಿಗೆ ಮಲಯಾಳ ಚೆನ್ನಾಗಿ ಬರುವುದರಿಂದ ಇಬ್ಬರೂ ಐದು ನಿಮಿಷದಲ್ಲಿ ನೆಂಟರಾದರು. ಎರಡು ತೋಳಿನ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಕಾಲಿನ ಪಕ್ಕ ಹಿಡಿದು ಆಕೆ ಬರೆದದ್ದು: ಮಡಚುವುದು 78 ಡಿಗ್ರಿ. ಮಂಗಳೂರಿನ ಚೀಟಿಯಲ್ಲಿ 95 ಇತ್ತು. ಇನ್ನೂ ಕೆಟ್ಟ ಸುದ್ದಿ ಏನೆಂದರೆ, ಕಾಲು ಪೂರ್ತಿ ನೇರವೂ ಆಗುತ್ತಿರಲಿಲ್ಲ.

"ಮೊಣಕಾಲಿನ ಕೆಳಗೆ ದಿಂಬು ಇಡುತ್ತೀರಾ?" ಎಂದು ಆಕೆ ಕೇಳಿದಾಗ ನಾವು ಹೆಮ್ಮೆಯಿಂದ ಹೌದು ಎಂದೆವು. ಆಕೆ ನಮ್ಮ ಮುಖ ನೋಡಿದ ರೀತಿ ಈಗಲೂ ನೆನಪಿದೆ. ಮೊಣಕಾಲಿನ ಕೆಳಗೆ ದಿಂಬಿಟ್ಟರೆ ಹಿತವಾಗಿರುತ್ತದೆ, ನಿಜ. ಆದರೆ ಕಾಲು ಬಾಗಿಯೇ ಉಳಿದು, ಹಾಗೆಯೇ ಬಿಗಿದುಕೊಳ್ಳುತ್ತದೆ. ದಿಂಬು ಇಡಬೇಕಾದದ್ದು ಹಿಮ್ಮಡಿಯ ಕೆಳಗೆ. ಗಾಯ ಮಾಯುವಾಗ ಒಳಗೆ ನಾರಿನಂಥ ಪದರ ಬೆಳೆಯುತ್ತದಂತೆ. ಕಾಲನ್ನು ದಿನವೂ ಮಡಚಿ ಬಿಡಿಸುತ್ತಿದ್ದರೆ ಅದು ಸಡಿಲವಾಗಿರುತ್ತದೆ, ಸುಮ್ಮನಿದ್ದರೆ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಹೀಗೇ ಮುಂದುವರಿದರೆ ಅರಿವಳಿಕೆ ಕೊಟ್ಟು ಡಾಕ್ಟರೇ ಕಾಲು ಮಡಚಿಸಬೇಕಾಗಬಹುದು, ಅದೂ ತಡವಾದಷ್ಟು ಫಲ ಕಡಿಮೆ ಎಂದಳು. ನಂತರ ಒಂದು ಲೆಕ್ಕ ಹೇಳಿದಳು. ಸಮತಟ್ಟಾದ ನೆಲದ ಮೇಲೆ ನಡೆಯಲು ಮೊಣಕಾಲು ಸುಮಾರು 65-70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ ಸುಮಾರು 90 ಬೇಕು. ಕುರ್ಚಿಯಿಂದ ಸಲೀಸಾಗಿ ಏಳಲು ಅದಕ್ಕಿಂತಲೂ ಹೆಚ್ಚು. ಹೊರಗೆ ಬರುವಾಗ ಅಜ್ಜಿ, "ನನ್ನ ಕಾಲು ಕೆಟ್ಟದ್ದಲ್ಲ, ನಿಮ್ಮ ಪ್ರೀತಿ ಜಾಸ್ತಿಯಾದದ್ದು" ಎಂದರು. ತಮಾಷೆಗೆ ಹೇಳಿದ್ದೇ, ಆದರೂ ನಮಗೆ ನಗು ಬರಲಿಲ್ಲ.

ಇಲ್ಲಿಂದ ಮುಂದೆ ಕೆಲಸ ಮಾಡಿದವರು ಮಕ್ಕಳು. ಬೇಸಿಗೆ ರಜೆ ಶುರುವಾಗಿತ್ತು. ಏಳನೆಯ ತರಗತಿಯ ಮಗ ತನ್ನ ಜಾಮಿಟ್ರಿ ಪೆಟ್ಟಿಗೆಯಿಂದ ಕೋನಮಾಪಕ ತೆಗೆದು ಅಜ್ಜಿಯ ಮೊಣಕಾಲಿನ ಪಕ್ಕ ಹಿಡಿದ. "102 ಬರುತ್ತಿದೆ, ಅಜ್ಜಿ ಪಾಸ್!" ಎಂದು ಕುಣಿದ. ಅಜ್ಜಿಗೂ ಖುಷಿ. ಮಗಳು ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, "ಅದು ಒಳಗಿನ ಕೋನ ಕಣೋ, ಕಾಲು ನೇರವಾಗಿದ್ದರೆ 180. ಅದರಿಂದ 102 ಕಳೆ" ಎಂದಳು. 78. ಮತ್ತೆ ಎಲ್ಲರೂ ಮೌನ. ಗಣಿತ ಇಷ್ಟು ನಿಷ್ಠುರವಾದದ್ದು ಎಂದು ನಮಗೆ ಅಂದೇ ಗೊತ್ತಾದದ್ದು. ಫ್ರಿಜ್‌ನ ಬಾಗಿಲಿಗೆ ಒಂದು ಗ್ರಾಫ್ ಹಾಳೆ ಅಂಟಿಸಿ, ಪ್ರತಿ ಶುಕ್ರವಾರ ಒಂದು ಚುಕ್ಕೆ ಇಡುವುದೆಂದು ತೀರ್ಮಾನವಾಯಿತು.

ದಿನಕ್ಕೆ ಮೂರು ಹೊತ್ತು ವ್ಯಾಯಾಮ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯ ಸ್ನಾಯು ಬಿಗಿ ಹಿಡಿದು ಐದು ಎಣಿಸುವುದು, ಮಲಗಿ ಹಿಮ್ಮಡಿಯನ್ನು ಜಾರಿಸುತ್ತಾ ತಮ್ಮತ್ತ ಎಳೆದುಕೊಳ್ಳುವುದು, ಕಾಲನ್ನು ನೇರವಾಗಿಟ್ಟು ಮೇಲೆತ್ತುವುದು. ಅರ್ಧ ಗಂಟೆ ಮೊದಲು ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆ, ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್. ಹಿಮ್ಮಡಿ ಜಾರಿಸುವಾಗ ಅಜ್ಜಿಯ ಕಣ್ಣಲ್ಲಿ ನೀರು ಬರುತ್ತಿತ್ತು. ಮೊದಲ ದಿನ ನಾವು "ಸಾಕು ಬಿಡಿ" ಎಂದು ಬಾಯಿ ತೆರೆಯುವಷ್ಟರಲ್ಲಿ ಮಗಳು ನಮ್ಮನ್ನು ಕೋಣೆಯಿಂದ ಹೊರಗೆ ಕಳುಹಿಸಿ ಬಾಗಿಲು ಹಾಕಿದಳು. ಒಳಗಿನಿಂದ "ಆರು... ಏಳು... ಅಜ್ಜಿ, ಇನ್ನು ಮೂರೇ" ಎಂಬ ದನಿ ಕೇಳಿಸುತ್ತಿತ್ತು. ಹೊರಗೆ ನಿಂತಿರುವುದೇ ನಮಗಿದ್ದ ವ್ಯಾಯಾಮ.

ಅದೇ ಹೊತ್ತಿಗೆ ಪಕ್ಕದ ಫ್ಲಾಟಿನವರು ಕೆಲಸ ಮುಗಿಸಿ ಶಾಶ್ವತವಾಗಿ ಊರಿಗೆ ಹೊರಟರು. ಅವರ ಬಳಿ, ಇಲ್ಲಿನ ಬಹುಪಾಲು ಮನೆಗಳಲ್ಲಿರುವಂತೆ, ಬಟ್ಟೆ ಒಣಗಿಸಲು ಬಳಸುವ ವ್ಯಾಯಾಮದ ಸೈಕಲ್ ಇತ್ತು. 100 ದಿರ್ಹಮ್ ಕೊಟ್ಟು ತಂದೆವು. ಸೀಟು ಎತ್ತರ ಮಾಡಿ ಅಜ್ಜಿಯನ್ನು ಕೂರಿಸಿದರೆ ಪೆಡಲ್ ಅರ್ಧ ಸುತ್ತು ಹೋಗಿ ನಿಲ್ಲುತ್ತಿತ್ತು. ಹಿಂದೆ ಅರ್ಧ, ಮುಂದೆ ಅರ್ಧ, ಗಡಿಯಾರದ ಲೋಲಕದ ಹಾಗೆ. ಮೂರು ವಾರ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಆಫೀಸಿಗೆ ಫೋನ್ ಬಂತು: "ಅಪ್ಪಾ, ಪೆಡಲ್ ಪೂರ್ತಿ ಸುತ್ತು ಬಂತು!" ಹಿಂದಿನಿಂದ ಅಜ್ಜಿಯ ದನಿ: "ಸೀರೆ ಸಿಕ್ಕಿಹಾಕಿಕೊಳ್ಳುತ್ತದೆ, ನಿಲ್ಲಿಸು ಮಗಾ!" ಆ ವಾರದ ಚುಕ್ಕೆ 104. ಸೈಕಲ್ಲಿಗಾಗಿ ಅಜ್ಜಿ ಬದುಕಿನಲ್ಲಿ ಮೊದಲ ಸಲ ಸಲ್ವಾರ್ ಹಾಕಿಕೊಂಡರು. ಊರಿಗೆ ಫೋಟೋ ಕಳುಹಿಸಬಾರದು ಎಂಬ ಷರತ್ತಿನ ಮೇಲೆ.

ನಡೆಯಲು ಜಾಗವೂ ಸಿಕ್ಕಿತು. 2025ರ ಆಗಸ್ಟ್ ತಿಂಗಳಲ್ಲಿ 'ದುಬೈ ಮಾಲಥಾನ್' ಎಂಬ ಹೆಸರಿನಲ್ಲಿ ಇಲ್ಲಿನ ಹಲವು ಮಾಲ್‌ಗಳನ್ನು ಬೆಳಿಗ್ಗೆ 7ರಿಂದ 10ರವರೆಗೆ ನಡೆಯುವವರಿಗಾಗಿಯೇ ತೆರೆದಿಟ್ಟಿದ್ದರು. ಶುಲ್ಕವಿಲ್ಲ, ಏಸಿಯ ತಂಪು, ಉಬ್ಬುತಗ್ಗಿಲ್ಲದ ನೆಲ, ಸುಸ್ತಾದರೆ ಕೂರಲು ಬೆಂಚು. ವಾರಾಂತ್ಯದ ಬೆಳಿಗ್ಗೆ ದೇರಾ ಸಿಟಿ ಸೆಂಟರಿಗೆ ಹೋಗತೊಡಗಿದೆವು. ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು ಎನ್ನುವುದರಲ್ಲೂ ನಾವು ತಪ್ಪಿದ್ದೆವು! ಎಡಗಾಲಿಗೆ ಆಪರೇಷನ್ ಆಗಿದ್ದರೆ ಕೋಲು ಬಲಗೈಯಲ್ಲಿರಬೇಕು. ನಾವು ನೋವಿರುವ ಕಡೆಗೇ ಹಿಡಿಸಿದ್ದೆವು. ಆಗಸ್ಟ್ ಮೊದಲಲ್ಲಿ ಎಸ್ಕಲೇಟರಿನ ತನಕ ಹೋಗಿ ಬಂದವರು ತಿಂಗಳ ಕೊನೆಗೆ ಇಡೀ ಕೆಳಮಹಡಿ ಸುತ್ತುತ್ತಿದ್ದರು. ಅಂಗಡಿಗಳೆಲ್ಲ ಮುಚ್ಚಿರುತ್ತಿದ್ದುದರಿಂದ ನಮ್ಮ ಜೇಬಿಗೂ ಕ್ಷೇಮ.

ಒಂದು ವಿಷಯದಲ್ಲಿ ಮಾತ್ರ ಅಜ್ಜಿಗೆ ಸಮಾಧಾನವಿರಲಿಲ್ಲ. ನೆಲದ ಮೇಲೆ ಕೂರಬಾರದು, ಮಂಡಿಯೂರಬಾರದು ಎಂದು ಅವರ ಡಾಕ್ಟರ್ ಹೇಳಿದ್ದರು. ದೇವರ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದು ಅಹಂಕಾರ ಎಂದು ಅಜ್ಜಿಯ ಭಾವನೆ. ನಿಂತೇ ದೀಪ ಹಚ್ಚಿ ಬಂದುಬಿಡುತ್ತಿದ್ದರು. ಅಕ್ಟೋಬರಿನಲ್ಲಿ ಸಂಜೆ ಸ್ವಲ್ಪ ತಂಪಾದ ಮೇಲೆ ಜಬೀಲ್ ಪಾರ್ಕಿಗೆ ಹೋಗುತ್ತಿದ್ದಾಗ, ಅಲ್ಲಿ ಒಬ್ಬ ಪಾಕಿಸ್ತಾನಿ ಹಿರಿಯರು ಮಡಚುವ ಕುರ್ಚಿಯೊಂದನ್ನು ಹುಲ್ಲಿನ ಮೇಲೆ ಇಟ್ಟು, ಅದರ ಮೇಲೆ ಕುಳಿತು ಮುಂದಕ್ಕೆ ಬಾಗಿ ನಮಾಜು ಮಾಡುತ್ತಿದ್ದರು. ಅಜ್ಜಿ ಅವರನ್ನೇ ನೋಡುತ್ತಾ ನಿಂತರು. ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ದೇವರ ಗೂಡಿನ ಮುಂದೆ ಊಟದ ಮೇಜಿನ ಒಂದು ಕುರ್ಚಿ ಇತ್ತು. ಮೆಟ್ಟುಕತ್ತಿಯ ಬದಲು ಚಾಕು, ನೆಲದ ತುರಿಮಣೆಯ ಬದಲು ಕಟ್ಟೆಗೆ ಕಚ್ಚಿಸುವ ತುರಿಯುವ ಯಂತ್ರ ಬಂದದ್ದೂ ಆಗಲೇ. ಚಾಕುವಿನಲ್ಲಿ ಹೆಚ್ಚಿದ ಬೆಂಡೆಕಾಯಿಗೆ ರುಚಿಯಿಲ್ಲ ಎಂಬ ದೂರು ಮಾತ್ರ ಕೊನೆಯವರೆಗೂ ಇತ್ತು.

ನವೆಂಬರ್‌ನಲ್ಲಿ ಅಬುಧಾಬಿಯ ಚಿಕ್ಕಪ್ಪನ ಮನೆಗೆ ಹೋದೆವು. ಸುಮಾರು 140 ಕಿಲೋಮೀಟರ್. ಒಂದೇ ಸಮನೆ ಕುಳಿತರೆ ಮೊಣಕಾಲು ಬಿಗಿಯುತ್ತದೆಂದು ದಾರಿಯಲ್ಲಿ ಎರಡು ಕಡೆ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ ಅಜ್ಜಿಯನ್ನು ನಡೆಸಿದೆವು. ಮಗ ಗಡಿಯಾರ ನೋಡಿ "ಐದು ನಿಮಿಷ ಆಯಿತು, ಹತ್ತಬಹುದು" ಎನ್ನುತ್ತಿದ್ದ. ಸಂಜೆ ಕಾರ್ನಿಷ್‌ನ ಸಮುದ್ರದಂಡೆಯಲ್ಲಿ ನಡೆಯುವಾಗ ಬೆಂಚಿನ ಮೇಲೆ ಕಣ್ಣೂರಿನ ಒಬ್ಬ ತಾಯಿ ಸಿಕ್ಕಿದರು. ಎರಡೂ ಮೊಣಕಾಲು ಬದಲಾಯಿಸಿ ಆರು ವರ್ಷವಾಗಿತ್ತಂತೆ. ಇಬ್ಬರು ಅಜ್ಜಿಯರೂ ಸೆರಗು ಮರೆ ಮಾಡಿ ಪರಸ್ಪರ ಗಾಯದ ಗುರುತು ತೋರಿಸಿ ಹೋಲಿಸಿಕೊಂಡದ್ದನ್ನು ನಾವು ನೋಡದವರಂತೆ ಸಮುದ್ರ ನೋಡುತ್ತಾ ನಿಂತೆವು. ಆಕೆ ದಿನವೂ ಅಲ್ಲಿ ಒಂದು ಗಂಟೆ ನಡೆಯುತ್ತಾರೆ. ಓಡುವುದಿಲ್ಲ, ಹಾರುವುದಿಲ್ಲ, ನಡಿಗೆ, ಸೈಕಲ್, ಮನೆಯ ಕೆಲಸ. ಈಜು ಕೂಡ ಒಳ್ಳೆಯದೆಂದು ಡಾಕ್ಟರ್ ಹೇಳಿದ್ದಾರಂತೆ. ಈಜುಕೊಳದ ಮಾತು ಬಂದಾಗ ಇಬ್ಬರೂ ಒಟ್ಟಿಗೆ ನಕ್ಕರು. ಅಂದು ಅಜ್ಜಿ ಕೋಲನ್ನು ಕಾರಿನಲ್ಲೇ ಮರೆತು ಬಂದಿದ್ದಾರೆ ಎಂದು ನಮಗೆ ಗೊತ್ತಾದದ್ದು ಮರಳಿ ಕಾರು ಹತ್ತುವಾಗ.

ಅದೇ ತಿಂಗಳು ದುಬೈ ಫಿಟ್‌ನೆಸ್ ಚಾಲೆಂಜ್. 2017ರಲ್ಲಿ ಯುವರಾಜ ಶೇಖ್ ಹಮ್ದಾನ್ ಆರಂಭಿಸಿದ್ದು. 30 ದಿನ, ದಿನಕ್ಕೆ 30 ನಿಮಿಷ ಏನಾದರೊಂದು ವ್ಯಾಯಾಮ. ಅಜ್ಜಿ ಅದನ್ನು ಹತ್ತು ನಿಮಿಷದ ಮೂರು ಪಾಲು ಮಾಡಿಕೊಂಡರು. ಮೂವತ್ತರಲ್ಲಿ ಇಪ್ಪತ್ತೇಳು ದಿನ ಪೂರೈಸಿದರು. ನಾವಿಬ್ಬರು? ಒಂಬತ್ತು ದಿನ. ಈ ಅಂಕಿಯನ್ನೂ ಬರೆಯಲೇಬೇಕೆಂದು ಮಕ್ಕಳ ಆಜ್ಞೆ.

ಡಿಸೆಂಬರ್‌ನಲ್ಲಿ ಚುಕ್ಕೆ 112ಕ್ಕೆ ಬಂದು ನಿಂತಿತು. "ಇಷ್ಟು ಸಾಕು" ಎಂದಳು ಫಿಸಿಯೋಥೆರಪಿಸ್ಟ್. ಅಜ್ಜಿಗೆ ಒಂದೇ ಆಸೆ ಉಳಿದಿತ್ತು: ಖಾಡಿಯಲ್ಲಿ ಅಬ್ರಾ ಹತ್ತಬೇಕು. ಹಿಂದಿನ ಸಲ ಬಂದಾಗ ನೋವಿನಿಂದ ದಡದಲ್ಲೇ ಕೂತು ನೋಡಿದ್ದರು. ಬರ್ ದುಬೈ ಕಡೆಯ ದಡದಲ್ಲಿ ನಿಂತಾಗ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಮರದ ದೋಣಿ ಒಮ್ಮೆ ದಡಕ್ಕೆ ತಾಗಿ, ಒಮ್ಮೆ ಸರಿಯುತ್ತಿತ್ತು. ಹಿಂದೆ ಜನ ಕಾಯುತ್ತಿದ್ದರು. ಎತ್ತಿಕೊಂಡೇ ಇಳಿಸಿಬಿಡೋಣ ಎಂದು ಕೈ ಮುಂದೆ ಮಾಡಿದೆವು. ಅಜ್ಜಿ ನಮ್ಮ ಕೈ ಸರಿಸಿ ಮೊಮ್ಮಗಳ ಹೆಗಲು ಹಿಡಿದರು. "ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು" ಎಂದು ಮೆಟ್ಟಿಲಿಗಾಗಿ ಕಲಿತ ಪಾಠವನ್ನು ಮಗಳು ಮೆಲ್ಲಗೆ ಹೇಳಿದಳು. ಅಜ್ಜಿ ದೋಣಿ ದಡಕ್ಕೆ ತಾಗುವವರೆಗೆ ಕಾದು, ಎಡಗಾಲು ಇಟ್ಟರು, ಬಲಗಾಲು ತಂದರು, ಹಲಗೆಯ ಮೇಲೆ ಕುಳಿತರು. ದೋಣಿಯವನು ಕೈ ಚಾಚಿದಾಗ ತಮ್ಮ ಒಂದು ದಿರ್ಹಮನ್ನು ತಾವೇ ಕೊಟ್ಟರು. ದೇರಾ ಕಡೆ ಇಳಿದು ಮಸಾಲೆ ಸಂತೆಯಲ್ಲಿ ಸುತ್ತಾಡಿ, ಲವಂಗಕ್ಕೆ ಚೌಕಾಸಿ ಮಾಡಿ, ಅದೇ ಅಬ್ರಾದಲ್ಲಿ ಮರಳಿ ಬಂದೆವು.

ಜನವರಿಯಲ್ಲಿ ಅಜ್ಜಿ ಊರಿಗೆ ಹೋದರು. ತಡೆಯಬೇಕೆಂದು ನಮಗೆ ಆಸೆಯಿತ್ತು, ಬಾಯಿ ಬರಲಿಲ್ಲ. ಹನ್ನೊಂದು ಮೆಟ್ಟಿಲಿನ ಪಕ್ಕ ಅಕ್ಕ ಕಬ್ಬಿಣದ ಕೈಪಿಡಿ ಹಾಕಿಸಿದ್ದಾಳೆ, ಬಚ್ಚಲಲ್ಲೂ ಒಂದು. ಕೆಲಸದ ಹೆಂಗಸು ಬೆಳಿಗ್ಗೆ ಬಂದು ಸಂಜೆಯವರೆಗೆ ಇರುತ್ತಾಳೆ. ದಿನಕ್ಕೆ ಎರಡು ಸಲ ತೋಟಕ್ಕೆ ಇಳಿದು ಹತ್ತುತ್ತಾರೆ. ಅಡಿಕೆ ಹೆಕ್ಕಲು ಬಾಗುವುದಿಲ್ಲ, ಹೆಕ್ಕುವವರಿಗೆ ನಿಂತು ಹೇಳುತ್ತಾರೆ. ಪ್ರತಿ ಶುಕ್ರವಾರ ಮಗ ಫೋನಿನಲ್ಲಿ "ಅಜ್ಜಿ, ಎಷ್ಟು?" ಎಂದು ಕೇಳುತ್ತಾನೆ. ಅವನ ಕೋನಮಾಪಕವನ್ನು ಅಜ್ಜಿ ಕೊಂಡುಹೋಗಿದ್ದಾರೆ. ಅವನಿಗೆ ನಾವು ಹೊಸದು ತೆಗೆದುಕೊಡಬೇಕಾಯಿತು.

ಕಳೆದ ವಾರದ ಫೋನಿನಲ್ಲಿ ಬಲ ಮೊಣಕಾಲಿನ ಸುದ್ದಿ ಬಂತು. ಅದೂ ಸವೆದಿದೆಯಂತೆ, ಮಳೆಗಾಲ ಮುಗಿದ ಮೇಲೆ ಮಾಡಿಸುತ್ತಾರಂತೆ. "ವಾಜಪೇಯಿಯವರೂ ಎರಡು ಮಾಡಿಸಿದ್ದರಲ್ಲ" ಎಂದರು. ರಜೆ ಹಾಕಿ ಈ ಸಲ ನಾವೇ ಬಂದು ನೋಡಿಕೊಳ್ಳುತ್ತೇವೆ ಎಂದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಬನ್ನಿ. ಮಕ್ಕಳನ್ನು ಕರೆತನ್ನಿ. ದಿಂಬು ಮಾತ್ರ ತರಬೇಡಿ."